ಮಗ್ಗುಲು ತಪ್ಪಿದ ಕಲ್ಲು

“ನಾಕನೇ ಇಯತ್ತೆ ದಾಟಲಾರದಾಂವ ನಮ್ಮ ವಾಡೇದ ನಾಡಿ ಹಿಡಿಲಿಕ್ಕ ಬಂದಾನ! ನಗ್ರಿ, ನಗ್ರಿ ಎಲ್ಲಾರೂ!”

ವಾಮನರಾಯ ದೇಸಾಯರು ಹೀಗೆಂದದ್ದು ಕಲ್ಲುಕುಟಿಗ ಹುಲಗಪ್ಪನಿಗೆ, ಅದೂ ವಾಡೆಯೆಂಬ ಅವರ ಹಳೇ ದೊಡ್ಡ ಮನೆ ನೋಡಲು ಬಂದ ಇಪ್ಪತ್ತು ಜನರ ಮುಂದೆ. ಜನ ನಕ್ಕರು. ನಾನು ನಗಲಿಲ್ಲ. ಅವನು ನಾಡಿ ಹಿಡಿದದ್ದು ನನ್ನದು. ನಾನು ಆ ವಾಡೆಯ ಮೂಲೆಗಲ್ಲು.

ನಾನು ಹುಟ್ಟಿದ್ದು ಕೆಂಪು ಗುಡ್ಡದ ಹೊಟ್ಟೆಯಲ್ಲಿ. ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದ ಹಾಗೆ ಮರಳಿನ ಮೇಲೆ ಮರಳು ಕೂತು, ಪದರು ಪದರಾಗಿ ಬೆಳೆದವನು. ಯಾರೋ ರಾಜ ಕೋಟೆ ಕಟ್ಟಿಸುತ್ತಾನೆಂದು ನನ್ನನ್ನು ಸೀಳಿ ತೆಗೆದರು. ರಾಜನ ಹೆಸರು ನನಗೆ ಗೊತ್ತಿಲ್ಲ. ಅವನು ಒಂದು ದಿನವೂ ನನ್ನ ಹತ್ತಿರ ಸುಳಿಯಲಿಲ್ಲ. ನೆನಪಿರುವುದು ನನ್ನನ್ನು ಕೆತ್ತಿದವನ ಕೈ. ಎಡಗೈಯ ಒಂದು ಬೆರಳು ಮೊಂಡಾಗಿತ್ತು. ಬಂಡಿ ಬರುವುದು ತಡವಾಯಿತೆಂದು ಅವನು ನನ್ನ ಅಗಲ ಬೆನ್ನಿನ ಮೇಲೆ ಸುಮ್ಮನೆ ಎರಡು ಮೀನು ಕೆತ್ತಿದ.

“ಯಾರ್ ನೋಡ್ತಾರಲೇ ಇದನ್ನ?” ಎಂದ ಜೊತೆಗಾರ.

“ಮ್ಯಾಲ ಕೂಡೂ ಕಲ್ಲು ನೋಡತೈತಿ, ಬಿಡೋ.”

ಗುಡ್ಡದಲ್ಲಿ ಹೇಗೆ ಮಲಗಿದ್ದೆನೋ ಹಾಗೆಯೇ ನನ್ನನ್ನು ಕೋಟೆಯ ಬುಡದಲ್ಲಿ ಮಲಗಿಸಿದರು. ಮೇಲೊಂದು ಕಲ್ಲು ಕೂತಿತು. ಮೀನುಗಳು ಕತ್ತಲಿಗೆ ಹೋದವು. ಎಷ್ಟು ನೂರು ವರ್ಷವೋ, ಫಿರಂಗಿ ಗುಂಡು ಬಡಿದಾಗಲೂ ನಾನು ಜಗ್ಗಲಿಲ್ಲ.

ಕೊನೆಗೆ ಕೋಟೆ ಬಿತ್ತು. ಅದರ ಬುನಾದಿಯ ಮೇಲೆಯೇ ವಾಮನರಾಯರ ಮುತ್ತಜ್ಜ ಈ ವಾಡೆ ಎಬ್ಬಿಸಿದರು. ನನ್ನ ಮೇಲಿನ ಕಲ್ಲು ಎತ್ತಿದಾಗ ಮೀನು ಕಂಡವು. ಮುತ್ತಜ್ಜನಿಗೆ ಹಿಗ್ಗೋ ಹಿಗ್ಗು. “ಇದ ನಮ್ಮ ಮನೆತನದ ಗುರುತು! ಬೀದಿಗೆ ಕಾಣಬೇಕು. ಎಬ್ಬಿಸಿ ನಿಲ್ಲಸ್ರಿ!” ಮೇಸ್ತ್ರಿಗೆ ಅದು ತಪ್ಪೆಂದು ತಿಳಿದಿತ್ತು. ಆದರೂ ಹೇಳಿದ ಹಾಗೆ ಎಬ್ಬಿಸಿ ನಿಲ್ಲಿಸಿದ.

ಅಂದಿನಿಂದ ನಾನು ನಿಂತೇ ಇದ್ದೆ. ಪದರಿನ ಕಲ್ಲನ್ನು ನಿಲ್ಲಿಸಿದರೆ ನೀರು ನೇರ ಒಳಕ್ಕಿಳಿಯುತ್ತದೆ, ಮೇಲಿನ ಭಾರ ಪದರುಗಳನ್ನು ಬಿಚ್ಚುತ್ತದೆ. ಮುಂದೆ ಮೀನು ಹೊಳೆಯುತ್ತಿದ್ದರೆ ಹಿಂದೆ ನಾನು ಪುಡಿಯಾಗುತ್ತಿದ್ದೆ.

ಈಗ ವಾಡೆ ನೋಡಲು ಊರೂರಿಂದ ಜನ ಬರುತ್ತಾರೆ. ದೇಸಾಯರು ಮೀನಿನ ಕಥೆಯನ್ನು ದಿನಕ್ಕೊಂದು ಥರ ಹೇಳಿ, ಎಲ್ಲರನ್ನೂ ಫೋಟೋ ತೆಗೆಸಿಕೊಳ್ಳಲೆಂದು ಬೀದಿಯತ್ತ ಚಾಚಿದ ಮಹಡಿಯ ಸಜ್ಜೆಗೆ ಹತ್ತಿಸುತ್ತಾರೆ. ಸಜ್ಜೆ ಇರುವುದು ನೇರ ನನ್ನ ನೆತ್ತಿಯ ಮೇಲೆ. ನನ್ನ ಮಗ್ಗುಲಲ್ಲಿ ಬಿರುಕು ಬಿಟ್ಟಾಗ ಸಿಮೆಂಟು ತುಂಬಲೆಂದು ಹುಲಗಪ್ಪನನ್ನು ಕರೆಸಿದರು. ಅವನು ಸಿಮೆಂಟಿನ ಚೀಲ ಬಿಚ್ಚಲೇ ಇಲ್ಲ.

“ಇದು ಸಿಮೆಂಟಿಗೆ ಹೋಗೂ ಬ್ಯಾನಿ ಅಲ್ರಿ ಧಣ್ಯಾರ. ಕಲ್ಲು ನಿಂತೈತಿ. ಗುಡ್ಡದಾಗ ಹೆಂಗ ಮಲಗಿತ್ತೋ ಹಂಗ ಮಲಗಸಬೇಕು. ಅಲ್ಲೀತನಕ ಮ್ಯಾಲ ಯಾರನ್ನೂ ಹತ್ತಸಬ್ಯಾಡ್ರಿ. ಮೂಲಿ ಕುಸೀತೈತಿ.”

ಅದಕ್ಕೇ ಆ ಬೈಗುಳ ಬಿದ್ದದ್ದು.

ಹುಲಗಪ್ಪನ ಕಿವಿ ಕೆಂಪಾದವು. ಇಪ್ಪತ್ತೆರಡರ ಪ್ರಾಯ, ಕೈಯಲ್ಲಿ ಸುತ್ತಿಗೆ ಬೇರೆ. ನನಗೆ ದಿಗಿಲಾಯಿತು. ಆದರೆ ಅವನು ಸುತ್ತಿಗೆಯ ಹಿಡಿಯನ್ನು ದೇಸಾಯರ ಕಡೆ ತಿರುಗಿಸಿ ಕೊಟ್ಟ.

“ನೀವ ಬಡೀರಿ. ಬಾಜೂದ್ದು ಮೊದಲ.”

ಪಕ್ಕದ ಕಲ್ಲು ಗಂಟೆಯ ಹಾಗೆ ಠಣ್ ಎಂದಿತು. ಆಮೇಲೆ ನನಗೆ ಬಡಿದರು. ಒಡಕು ಗಡಿಗೆಯ ಹಾಗೆ ಬದ್ ಎಂದೆ. ದೇಸಾಯರು ಇನ್ನೊಮ್ಮೆ ಬಡಿದರು, ಮತ್ತೊಮ್ಮೆ ಬಡಿದರು. ನನಗೆ ಸುಳ್ಳಾಡಲು ಬರುವುದಿಲ್ಲ. ಅಷ್ಟರಲ್ಲಿ ಒಬ್ಬ ಹೆಂಗಸು ಮೆಟ್ಟಿಲೇರುತ್ತಿದ್ದ ಗಂಡನ ಅಂಗಿ ಹಿಡಿದು ಜಗ್ಗಿದಳು: “ಫೋಟೋ ಸುಡ್ಲಿ, ಮೊದಲ ಇಳೀರಿ ಕೆಳಗ!” ಯಾರೂ ನಗಲಿಲ್ಲ.

ವಾಡೆಯ ಬಾಗಿಲು ಹಾಕಿತು. ಮೂರು ವಾರ ಹುಲಗಪ್ಪ ಮತ್ತವನ ಜೊತೆಗಾರರು ದಿಮ್ಮಿ ಆನಿಸಿ, ಜಾಕು ಕೊಟ್ಟು, ಗೋಡೆ ಹೊತ್ತು ನಿಂತರು. ನನ್ನನ್ನು ಹೊರಗೆಳೆದು, ಹಿಂಬದಿಯ ಕೊಳೆತ ಪದರುಗಳನ್ನು ಕೆತ್ತಿ ತೆಗೆದರು.

“ಮಲಗಿಸಿದ್ರ ಮೀನ ಮುಚ್ಚಿಹೋಗ್ತಾವಲ್ಲೋ,” ದೇಸಾಯರು ಗೊಣಗಿದರು.

“ಮನಿ ಬೇಕೋ ಮೀನ ಬೇಕೋ, ನೀವ ನೋಡ್ರಿ.”

ದೇಸಾಯರು ಮೀಸೆ ತಿರುವಿ, “ಮಲಗಸು” ಎಂದರು. ಹುಲಗಪ್ಪ ಮೀನುಗಳ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ. ಮೇಲೆ ಕಲ್ಲು ಕೂತಿತು.

ಎಷ್ಟು ಕಾಲದ ಮೇಲೆ ನನ್ನ ಬೆನ್ನು ಹಗುರಾಯಿತು! ಭಾರ ಅಷ್ಟೇ ಇದೆ, ಹೊರುವ ಮಗ್ಗುಲು ಸರಿಹೋಗಿದೆ. ಈಗ ನನ್ನನ್ನು ಯಾರೂ ತೋರಿಸುವುದಿಲ್ಲ, ನನ್ನ ಮುಂದೆ ಫೋಟೋ ತೆಗೆಸುವುದಿಲ್ಲ. ಮುದಿ ಕಲ್ಲಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಮತ್ತೆ ಬಾಗಿಲು ತೆರೆದ ದಿನ ಮೊದಲ ತಂಡ ಬಂದಾಗ ಹುಲಗಪ್ಪ ಇನ್ನೂ ಅಂಗಳದಲ್ಲಿದ್ದ. ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಇಲ್ಲಿ ಒಂದು ಕಲ್ಲು ಸೋತಿತ್ತು ನೋಡ್ರಿ,” ದೇಸಾಯರು ಜನರಿಗೆ ಹೇಳುತ್ತಿದ್ದರು. “ನಾನ ಸುತ್ತಿಗಿ ತಗೊಂಡು ಬಡದು ಕಂಡುಹಿಡದೆ. ಕಲ್ಲಿನ ದನಿ ತಿಳಿಯೂದು ನಮ್ಮ ರಕ್ತದಾಗ ಬಂದದ.”

ಜನ ತಲೆದೂಗಿದರು. ದೇಸಾಯರು ಅಂಗಳದ ಕಡೆ ಹೊರಳಿದರು. ದನಿ ಮೆತ್ತಗಾಗಿತ್ತು.

“ಹೌದಲ್ಲೋ, ಹುಲಗಪ್ಪ?”

ಹುಲಗಪ್ಪ ಚೀಲದ ಬಾಯಿ ಬಿಗಿದ. ಹೆಗಲಿಗೇರಿಸಿದ. ಅವರೆಲ್ಲರ ನಡುವೆಯೇ ಹಾದು, ಬಾಗಿಲು ದಾಟಿ ನಡೆದ.