ತೋಪಿನ ಹೊತ್ತಿಗೆ ಹೊಸ ಶೆಲ್

ಕಂಪ್ಯೂಟರಿಗೆ ಅಪ್ಪಣೆ ಮುಟ್ಟಿಸುವ ಹಳೇ ಶೆಲ್ ತಂತ್ರಾಂಶಕ್ಕೆ, ಸ್ಟುಡಿಯೋದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಲುತ್ಫಿ ಇಟ್ಟ ಹೆಸರು 'ಅಜ್ಜ'. ಕಪ್ಪು ಪರದೆಯಲ್ಲಿ ಅಪ್ಪಣೆ ಟೈಪ್ ಮಾಡಿದರೆ ಸಾಕು, ಕೆಮ್ಮಿ, ನರಳಿ, ಒಂದೊಂದೇ ಫೈಲು ತಡವುತ್ತಾ ಕೂರುತ್ತಿತ್ತು. ಕೈರೋದ ಆ ಎಡಿಟಿಂಗ್ ಸ್ಟುಡಿಯೋದಿಂದ ರಂಜಾನ್ ಧಾರಾವಾಹಿಯ ಕೊನೇ ಕಂತುಗಳು ಬಿಸಿಬಿಸಿಯಾಗಿ ಹೊರಡುತ್ತಿರುವಾಗ ಅಜ್ಜನ ಕೆಮ್ಮು ಕೇಳಲು ಯಾರಿಗೆ ಪುರಸೊತ್ತು? ಆ ಮಧ್ಯಾಹ್ನ ಲುತ್ಫಿ ಹೊಸ ಶೆಲ್ ಹಾಕಿಯೇಬಿಟ್ಟ. ಕುರ್ಚಿಯನ್ನು ಗಿರ್ರನೆ ತಿರುಗಿಸಿ ಹೀರೋ ಎಂಟ್ರಿ ಕೊಟ್ಟ.

"ಉಸ್ತಾದ್, ನೋಡ್ಕೊಳ್ಳಿ! ಅಜ್ಜ ಒಬ್ಬೊಬ್ರನ್ನೇ ಹೊಡೀತಿದ್ದ. ನನ್ ಹುಡುಗ ಇಡೀ ಗ್ಯಾಂಗನ್ನ ಒಂದೇ ಏಟಿಗೆ ಮಲಗಿಸ್ತಾನೆ!"

ಸಂಕಲನಕಾರ ಬಹ್ಗತ್ ಕನ್ನಡಕದ ಮೇಲಿಂದ ನೋಡಿದರು. "ಉಪವಾಸದ ಹೊಟ್ಟೇಲಿ ಇಷ್ಟು ಗಾಳಿ ಎಲ್ಲಿಂದ ಬರುತ್ತೋ ನಿಂಗೆ? ಫಿಕ್ರೀದು ಹುಷಾರು, ಮಗಾ."

"ಅದನ್ನ ತಲೆ ಮೇಲೆ ಹೊತ್ಕೊಂಡಿದೀನಿ, ಉಸ್ತಾದ್."

ಫಿಕ್ರಿ ಧಾರಾವಾಹಿಯ ಮುದಿ ನಾಯಕ, ಬಹ್ಗತ್‌ರ ಬಾಲ್ಯದ ಗೆಳೆಯ. ಕೊನೇ ದೃಶ್ಯದಲ್ಲಿ ನಟಿಸಿ ಮನೆಗೆ ಹೋಗಿ ಮಲಗಿದವನು ಏಳಲೇ ಇಲ್ಲ. ಆದರೂ ಶೂಟಿಂಗ್ ನಿಲ್ಲುವಂತಿರಲಿಲ್ಲ. ಕ್ಯಾಮರಾ ಕಾರ್ಡುಗಳು ಅಂದೇ ಖಾಲಿಯಾಗಿ ಸೆಟ್‌ಗೆ ವಾಪಸ್ಸಾಗಿದ್ದವು. ಆ ದೃಶ್ಯದ ಒಂದೇ ಒಂದು ಪ್ರತಿ ಸರ್ವರಿನಲ್ಲಿ, ಅರಬ್ಬಿಯಲ್ಲಿ 'ಅಮಾನಾ' ಎಂದು ಹೆಸರಿಟ್ಟ ಫೋಲ್ಡರಿನಲ್ಲಿತ್ತು. ನಂಬಿ ಒಪ್ಪಿಸಿದ್ದು ಎಂದು ಅರ್ಥ. ತೆರೆಯಲು ಬಹ್ಗತ್‌ರಿಗೆ ಧೈರ್ಯ ಬಂದಿರಲಿಲ್ಲ. ಸಾವಿನ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಸರ್ವರಿನಲ್ಲಿ ಜಾಗಕ್ಕೆ ಯಾವಾಗಲೂ ಬರ. ಅದಕ್ಕೇ ಸಂಜೆ ಉಪವಾಸ ಮುಗಿಯಿತೆಂದು ಸಾರುವ ಇಫ್ತಾರಿನ ತೋಪು ಹಾರುವ ಹೊತ್ತಿಗೆ, ಎಲ್ಲರೂ ಊಟಕ್ಕೆ ಎದ್ದಾಗ, ಹಳೇ ಸ್ಕ್ರಿಪ್ಟೊಂದು ತಾನಾಗಿ ಓಡುತ್ತಿತ್ತು. ಧಾರಾವಾಹಿಯ ಸ್ಕ್ರಿಪ್ಟಲ್ಲ, ಅಪ್ಪಣೆಗಳದ್ದು: ಮೂರು ದಿನ ಯಾರೂ ಮುಟ್ಟದ್ದನ್ನು ಅಳಿಸು, ಅಮಾನಾ ಒಂದನ್ನು ಬಿಡು.

ಲುತ್ಫಿ ಅದನ್ನು ಒಂದಕ್ಷರವೂ ಬದಲಿಸದೆ ಹೊಸ ಶೆಲ್‌ನ ಕೈಗೆ ಕೊಟ್ಟ. ಮೊದಲು ಪರೀಕ್ಷೆಯನ್ನೂ ಮಾಡಿದ್ದ: ಇಂಗ್ಲಿಷ್ ಹೆಸರಿನ ಸುಳ್ಳು ಫೋಲ್ಡರುಗಳು, ಒಳಗೆ ಇಂಗ್ಲಿಷ್ ಹೆಸರನ್ನೇ ಬರೆದ ಒಂದು ನಕಲು ಸ್ಕ್ರಿಪ್ಟು. ಬಿಡಬೇಕಾದ್ದು ಉಳಿಯಿತು, ಮಿಕ್ಕಿದ್ದು ರೆಪ್ಪೆ ಮಿಟುಕಿಸುವಷ್ಟರಲ್ಲಿ ಮಾಯ.

"ನಮ್ ಅಕ್ಷರದಲ್ಲೂ ಓಡಿಸಿ ನೋಡಿದ್ಯಾ?" ಎಂದರು ಬಹ್ಗತ್.

"ಅಯ್ಯೋ ಉಸ್ತಾದ್! ವಿಲನ್ನು ಯಾವ ಶರ್ಟ್ ಹಾಕ್ಕೊಂಡ್ ಬಂದ್ರೂ ಏಟು ಒಂದೇ!"

ಸಂಜೆ ಕೆಳಗಿನ ಮಹಡಿಯಲ್ಲಿ ಖರ್ಜೂರ, ಬೇಳೆ ಸಾರು, ಏಪ್ರಿಕಾಟ್ ಪಾನಕ. ಬಹ್ಗತ್ ಖರ್ಜೂರ ಹಿಡಿದು ಟೀವಿಯಲ್ಲಿ ತೋಪಿಗಾಗಿ ಕಾಯುತ್ತಿದ್ದರು.

"ಊಟ ಆದ್ಮೇಲೆ ಫಿಕ್ರಿ ಮುಖ ನೋಡೇಬಿಡೋಣ," ಎಂದರು ಇದ್ದಕ್ಕಿದ್ದಂತೆ. "ನೀನೂ ಪಕ್ಕದಲ್ಲಿ ಕೂರೋ. ಒಬ್ನೇ ನನ್ ಕೈಲಾಗಲ್ಲ."

ಲುತ್ಫಿ ತಲೆಯಾಡಿಸಿದ. ತೋಪು ಹಾರಿತು. ಜೇಬಿನಲ್ಲಿ ಫೋನು ನಡುಗಿತು.

ಸ್ಕ್ರಿಪ್ಟು ಶುರುವಾಗುವಾಗ ಕಳಿಸುವ ಸಂದೇಶ ಅದು. 'ಬಿಡಬೇಕಾದ್ದು' ಎಂಬುದರ ಮುಂದೆ ಅಮಾನಾ ಇರಲಿಲ್ಲ. ಹೊಟ್ಟೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಂಡ ಕಪ್ಪು ಚೌಕಗಳು ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದವು.

ಬಾಯಲ್ಲಿದ್ದ ಖರ್ಜೂರ ಬಾಯಲ್ಲೇ ಉಳಿಯಿತು. ಆ ಸ್ಕ್ರಿಪ್ಟು, ಕಂಪ್ಯೂಟರು ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ಹಳೇ ಅರಬ್ಬಿ ಸಂಕೇತದಲ್ಲಿ ಉಳಿಸಿದ ಫೈಲು. ಅದನ್ನು ಓದುವುದು ಅಜ್ಜನಿಗೆ ಗೊತ್ತಿತ್ತು. ಹೊಸಬ ಹೊಸ ಸಂಕೇತದಲ್ಲೇ ಓದುವವನು. ಆ ಕಪ್ಪು ಚೌಕಗಳ ಹೆಸರಿನ ಫೋಲ್ಡರೇ ಇಲ್ಲದ ಮೇಲೆ ಅವನು ಬಿಡುವುದಾದರೂ ಯಾವುದನ್ನು?

ಲುತ್ಫಿ ಕುರ್ಚಿ ಕೆಡವಿ ಎದ್ದ. ಅಜ್ಜನಾಗಿದ್ದರೆ ಮೆಟ್ಟಿಲು ಹತ್ತಿ ಹೋಗಿ ತಡೆಯುವಷ್ಟು ಹೊತ್ತು ಸಿಗುತ್ತಿತ್ತು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಫೋನು ಮತ್ತೆ ನಡುಗಿತು: 'ಮುಗಿಯಿತು.'

ಆದರೂ ಹತ್ತಿದ. ಪರದೆಯಲ್ಲಿ ಫೋಲ್ಡರುಗಳ ಸಾಲಿನಲ್ಲಿ ಅಮಾನಾ ಇರಲಿಲ್ಲ. ಮತ್ತೆ ಹುಡುಕಿದ. ಇರಲಿಲ್ಲ. ಸ್ಕ್ರಿಪ್ಟು ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.

ಹಿಂದೆ ಹೆಜ್ಜೆ ಸಪ್ಪಳ. ಎರಡು ಲೋಟ ಪಾನಕ ಹಿಡಿದು ಬಹ್ಗತ್ ಬಂದಿದ್ದರು.

"ಊಟಾನೂ ಬಿಟ್ಟು ಓಡಿ ಬಂದ್ಯೇನೋ, ಕತ್ತೆ? ನಂಗಿಂತ ನಿಂಗೇ ಆತುರ." ಅವರ ದನಿ ಮೆತ್ತಗಾಗಿತ್ತು. "ಸರಿ, ಹಾಕು. ಕೊನೇಲಿ ನಗ್ತಾನಂತಲ್ಲ, ಅಲ್ಲಿಂದ ಹಾಕು."

ಮಧ್ಯಾಹ್ನ ಲುತ್ಫಿ ಗಿರ್ರನೆ ತಿರುಗಿಸಿದ್ದ ಕುರ್ಚಿಯನ್ನು ಬಹ್ಗತ್ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ನಿಧಾನವಾಗಿ ಒರೆಸತೊಡಗಿದರು.