ಕೊನೆಮನೆಯ ಒತ್ತಡ

ನಮ್ಮನೆಯವರ ಒಂದು ತಿಂಗಳ ಬಿ.ಪಿ. ಮಾತ್ರೆಗೆ ಎರಡು ಬಟ್ಟೆ ಸೋಪಿನ ಬೆಲೆ. ಅವರು ಸೇದುತ್ತಿದ್ದ ಸಿಗರೇಟಿಗೆ ಅದರ ನಾಲ್ಕು ಪಟ್ಟು. ಕೈಕಾಲಿನ ರಕ್ತದೊತ್ತಡ ಅಳೆಸುವುದಕ್ಕಂತೂ ಬಿಡಿಗಾಸಿಲ್ಲ. ಆಸ್ಪತ್ರೆಯವರೇ ಅವರು ಕೆಲಸ ಮಾಡುವ ನೀರಿನ ಕಚೇರಿಗೆ ಬಂದಿದ್ದರು. ಪುಕ್ಕಟೆ ಸಿಕ್ಕಿದ ಬುದ್ಧಿಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗುತ್ತದೆ. ಅದಕ್ಕೇ ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿ ನಾನೂ ಜೊತೆಗೆ ಹೋದೆ.

ನಮ್ಮನೆಯವರ ಕೆಲಸ ಬೀದಿಗಳಿಗೆ ನೀರು ಬಿಡುವುದು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತು, ಒಂದೊಂದೇ ವಾಲ್ವ್ ತಿರುಗಿಸುತ್ತ ಊರು ಸುತ್ತುವುದು. ಜನ ವಾಲ್ವಣ್ಣ ಎಂದೇ ಕರೆಯುತ್ತಾರೆ. ವರ್ಷದಿಂದೀಚೆಗೆ ಅವರು ಬೀದಿಯ ನಡುವೆ ನಿಂತು ಯಾರನ್ನಾದರೂ ಮಾತಿಗೆಳೆಯುವುದು ಹೆಚ್ಚಾಗಿತ್ತು.

"ವಾಲ್ವಣ್ಣನ ಬಾಯಿಗೆ ಕೀಲಿ ಹಾಕೋರು ಇನ್ನೂ ಹುಟ್ಟಿಲ್ಲ" ಎಂದು ಇಸ್ತ್ರಿ ಅಂಗಡಿಯವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ಒಮ್ಮೆ ಅಂಗಿಯ ಗುಂಡಿ ತರಲು ಹೋದಾಗ ದೂರದಿಂದ ಅವರನ್ನು ನೋಡಿದೆ. ಅಲ್ಲಿ ಮಾತಾಡಲು ನರಪಿಳ್ಳೆ ಇರಲಿಲ್ಲ. ಮುಚ್ಚಿದ ಅಂಗಡಿಯ ಬಾಗಿಲನ್ನೇ ನೋಡುತ್ತ, ಬಲಗಾಲಿನ ಮೀನಖಂಡ ಅಮುಕಿಕೊಳ್ಳುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಏನೂ ಆಗದವರ ಹಾಗೆ ನಡೆದರು. ಹರಟೆ ಬರೀ ನೆಪ ಎಂದು ಆಗ ಗೊತ್ತಾಯಿತು.

ಕಚೇರಿಯಲ್ಲಿ ಪೈಪು ಜೋಡಿಸಿಟ್ಟ ಕೋಣೆಯೊಳಗೆ ಒಂದು ಬೆಂಚು ಹಾಕಿ ನರ್ಸ್ ನಮ್ಮನೆಯವರನ್ನು ಮಲಗಿಸಿದಳು. ಎರಡು ಕೈಗೂ ಪಟ್ಟಿ ಸುತ್ತಿ ಅಳೆದಾದ ಮೇಲೆ, "ಪ್ಯಾಂಟು ಮೇಲಕ್ಕೆ ಮಡಚಿ" ಅಂದಳು.

"ಕಾಲಿಗೂ ಬಿ.ಪಿ. ಇರುತ್ತೇನಮ್ಮಾ?"

"ಕಾಲೂ ನಿಮ್ದೇ ಅಲ್ವಾ ಅಣ್ಣ? ಬಾಡಿಗೆಗೆ ತಂದಿದ್ದಲ್ವಲ್ಲ."

ಪಾದದ ಗಿಣ್ಣಿನ ಮೇಲೆ ಪಟ್ಟಿ ಕಟ್ಟಿ, ಪೆನ್ನಿನಂಥ ಒಂದು ಕಡ್ಡಿಯನ್ನು ಚರ್ಮಕ್ಕೆ ಒತ್ತಿದಳು. ಪಕ್ಕದ ಪೆಟ್ಟಿಗೆಯಲ್ಲಿ ಸುಯ್ ಸುಯ್ ಎಂದು ರಕ್ತ ಹರಿಯುವ ಸದ್ದು. ಗಾಳಿ ತುಂಬಿದರೆ ಸದ್ದು ನಿಲ್ಲುತ್ತದೆ, ಬಿಡುತ್ತ ಬಂದರೆ ಮರಳುತ್ತದೆ. ಎಡಗಾಲಿನಲ್ಲಿ ಬೇಗ ಮರಳಿತು. ಬಲಗಾಲಿನಲ್ಲಿ ಗಾಳಿ ಇಳಿಯುತ್ತಲೇ ಹೋಯಿತು, ಸದ್ದಿಲ್ಲ. ತುಂಬಾ ಇಳಿದ ಮೇಲೆ, ತೆಳ್ಳಗೆ ಬಂತು.

"ಕೈಯಲ್ಲಿ ನೂರಮೂವತ್ತು, ಇಲ್ಲಿ ಎಪ್ಪತ್ತೆಂಟು. ಎರಡೂ ಹೆಚ್ಚುಕಮ್ಮಿ ಸಮ ಇರ್ಬೇಕಿತ್ತು. ಕಾಲಿಗೆ ಹೋಗೋ ರಕ್ತನಾಳ ಎಲ್ಲೋ ಕಟ್ಟಿಕೊಂಡಿದೆ ಅಣ್ಣ."

"ಕೊನೆಮನೆ ಪಾಡು ಅನ್ನು. ಟ್ಯಾಂಕ್ ಹತ್ರ ಧಾರಾಳ, ತುದೀಲಿ ಬರೀ ಗಾಳಿ."

ಅವಳು ನಗಲಿಲ್ಲ. "ಸಿಗರೇಟು ಇವತ್ತೇ ಬಿಡಿ. ನೋವು ಬರೋವರೆಗೂ ನಡೀರಿ, ನಿಲ್ಲಿ, ಮತ್ತೆ ನಡೀರಿ. ಮಾತ್ರೆ ಒಂದೂ ತಪ್ಪಿಸ್ಬೇಡಿ. ದೊಡ್ಡಾಸ್ಪತ್ರೆಗೆ ಬಂದು ತೋರಿಸಿ. ಉದಾಸೀನ ಮಾಡಿದ್ರೆ ಕಾಲೇ ಹೋಗ್ಬಹುದು."

ಕೊನೆಯ ಮಾತು ನಾಟಿತು. ಕಾಲಿಲ್ಲದ ಮೇಲೆ ವಾಲ್ವಣ್ಣ ಎಲ್ಲಿಯವನು? ಮನೆಗೆ ಬಂದವರೇ ಸಿಗರೇಟಿನ ಪ್ಯಾಕನ್ನು ನೀರಿನ ಬಕೆಟ್ಟಿಗೆ ಹಾಕಿದರು. ದೊಡ್ಡಾಸ್ಪತ್ರೆಯಲ್ಲಿ ಇನ್ನೆರಡು ಮಾತ್ರೆ ಕೊಟ್ಟು, ರಕ್ತನಾಳ ಬಿಡಿಸುವುದಕ್ಕೆ ಮುಂದೆ ಒಂದು ದಿನ ಗೊತ್ತುಮಾಡಿದರು. ಬೆಳಿಗ್ಗೆ ನಾನು ಮೂರೂ ಮಾತ್ರೆಯನ್ನು ಅಂಗೈಗೆ ಹಾಕುತ್ತಿದ್ದೆ. ಅವರು ಕಿಟಕಿಯ ಕಡೆ ತಿರುಗಿ ನೀರು ಕುಡಿಯುತ್ತಿದ್ದರು. ಹೇಳಿದ ಮಾತು ಇಷ್ಟು ಕೇಳುವ ಗಂಡ ಎಲ್ಲಾದರೂ ಇದ್ದಾರೆಯೇ ಎಂದು ತಂಗಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಆಮೇಲೆ ಅವರಿಗೆ ಮುಂಜಾನೆ ತಲೆ ಸಿಡಿಯತೊಡಗಿತು. ಮುಖ ಕೆಂಪೇರುತ್ತಿತ್ತು. ಸಿಗರೇಟು ಬಿಟ್ಟದ್ದಕ್ಕೆ ಹೀಗೆ ಎಂದು ಇಬ್ಬರೂ ಅಂದುಕೊಂಡೆವು.

ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತಿದ್ದವರು ಕೂಗಿದರು.

"ಏ, ಇಲ್ಲಿ ಬಾ. ಕನ್ನಡಿಗೆ ಏನು ಬಳಿದಿದ್ದೀಯ?"

"ಏನೂ ಇಲ್ಲವಲ್ರೀ."

"ಕಪ್ಪು ಪರದೆ ಬಿಟ್ಟ ಹಾಗಿದೆ." ಬಲಗಣ್ಣು ಮುಚ್ಚಿದರು. ಕೈಯಲ್ಲಿದ್ದ ರೇಜರ್ ಕೆಳಗೆ ಬಿತ್ತು. "ಅಯ್ಯೋ, ಏನೂ ಕಾಣಿಸ್ತಿಲ್ಲ ಕಣೇ."

ಆಸ್ಪತ್ರೆಯಲ್ಲಿ ಸಿಕ್ಕಿದ್ದು ಅದೇ ನರ್ಸ್. ಪಟ್ಟಿ ಸುತ್ತಿದಳು, ಮತ್ತೊಮ್ಮೆ ಸುತ್ತಿದಳು. ಕೈಯಲ್ಲಿ ಇನ್ನೂರು ದಾಟಿತ್ತು.

"ಬಿ.ಪಿ. ಮಾತ್ರೆ ತಗೊಳ್ತಿದ್ದೀರಾ ಅಣ್ಣ?"

"ನಾನೇ ಕೈಯಾರೆ ಕೊಡ್ತೀನಮ್ಮ" ಎಂದೆ ನಾನು.

ನಮ್ಮನೆಯವರು ನೆಲ ನೋಡಿದರು. "ಎರಡು ನುಂಗ್ತಿದ್ದೆ. ಒತ್ತಡ ಇಳಿಸೋದನ್ನ ಕಿಟಕಿಯಿಂದಾಚೆ ಎಸೀತಿದ್ದೆ."

"ಯಾಕ್ರೀ?"

"ಕೊನೆಮನೆಗೆ ನೀರು ಬರ್ತಿಲ್ಲ ಅಂದ್ರೆ ಯಾರಾದ್ರೂ ಪಂಪಿನ ಒತ್ತಡ ಇಳಿಸ್ತಾರಾ? ಏರಿಸ್ತಾರೆ. ಒತ್ತಡ ಏರಿದ್ರೆ ಕಾಲಿಗೆ ರಕ್ತ ಹೋಗುತ್ತೆ, ಕಾಲು ಉಳಿಯುತ್ತೆ ಅಂತ..."

ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದರೆ ಅಳು ಬಂತು. "ಹೋದ ವರ್ಷ ಹಾಗೇ ಏರಿಸಿ, ಗೋದಾಮಿನ ಮುಂದೆ ಪೈಪು ಒಡೀಲಿಲ್ವೇನ್ರೀ? ಅಕ್ಕಪಕ್ಕದ ಮನೆಗಳಿಗೆಲ್ಲ ನೀರು ನುಗ್ಗಿತ್ತಲ್ಲ? ಆಗೇನು ಮಾಡಿದ್ರಿ?"

"ಪಂಪ್ ಇಳಿಸ್ದೆ. ಆಮೇಲೆ ಅಗೆದು ಕಟ್ಟಿಕೊಂಡ ಜಾಗ ಬಿಡಿಸ್ದೆ" ಎಂದರು.

ನರ್ಸ್ ಪಟ್ಟಿ ಬಿಚ್ಚುತ್ತ ಮೆಲ್ಲಗೆ ಹೇಳಿದಳು: "ಕಾಲಿಗೆ ಒಂದಿಷ್ಟು ಹೆಚ್ಚಿಗೆ ಹೋಗಿರಬಹುದು ಅಣ್ಣ. ಆದ್ರೆ ಕಣ್ಣಿನ ರಕ್ತನಾಳ ಕೂದಲಿಗಿಂತ ತೆಳು. ಅದು ಹೇಗೆ ತಡೀಬೇಕು?"

ಎಡಗಣ್ಣಿನೊಳಗೆ ರಕ್ತ ಸೋರಿತ್ತು. ಕಣ್ಣಿಗೆ ಸೂಜಿ ಚುಚ್ಚಿದರು, ಮತ್ತೆ ಚುಚ್ಚಿದರು. ಬೆಳಕು ಕತ್ತಲೆ ಗೊತ್ತಾಗುತ್ತದೆ, ನನ್ನ ಮುಖ ಗೊತ್ತಾಗುವುದಿಲ್ಲ. ಒತ್ತಡ ಹತೋಟಿಗೆ ಬಂದ ಮೇಲೆ ತೊಡೆಯ ಬಳಿಯಿಂದ ತಂತಿ ತೂರಿಸಿ ಕಾಲಿನ ರಕ್ತನಾಳ ಬಿಡಿಸಿದರು. ಬಲ ಪಾದ ಬೆಚ್ಚಗಾಯಿತು.

ಈಗ ನಮ್ಮನೆಯವರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಿಲ್ಲದೆ ನಡೆಯುತ್ತಾರೆ. "ವಾಲ್ವಣ್ಣನಿಗೆ ಈಗೀಗ ಕೊಬ್ಬು, ಮಾತೇ ಆಡ್ಸಲ್ಲ" ಎನ್ನುತ್ತಾಳೆ ಇಸ್ತ್ರಿ ಅಂಗಡಿಯವಳು. ಅವಳು ಕೈಬೀಸುವುದು ಎಡಗಡೆಯಿಂದ, ಅವರಿಗೆ ಕಾಣುವುದಿಲ್ಲ.

ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತೇನೆ. ಅವರೂ ಮಗುವಿನ ಹಾಗೆ ತೋರಿಸುತ್ತಾರೆ.

ಕಾಲು ಉಳಿಯಿತು, ಕೆಲಸ ಉಳಿಯಿತು. ಎಡಗಣ್ಣು ಹೋಯಿತು.