ಮಾದ ತಮಟೆಯ ಅಳತೆ

ಕಿವಿತಮಟೆಯ ವಿಷಯದಲ್ಲಿ ಅಕ್ಕನಿಗೆ ಎದುರಾಡುವವರು ಆ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಸತ್ತವರು ದಾನ ಕೊಟ್ಟ ಕಿವಿಗಳ ತಮಟೆಗೆ ಗಾಳಿಯ ಒತ್ತಡ ಕೊಟ್ಟು, ಅದು ಎಷ್ಟು ಉಬ್ಬುತ್ತದೆ, ಎಷ್ಟಕ್ಕೆ ಬಿಗಿಯುತ್ತದೆ ಎಂದು ಅಳೆಯುವುದು ಅವಳ ಕೆಲಸ. ಎದುರಾಡುವವನು ಮನೆಯಲ್ಲಿದ್ದ, ತಮ್ಮ. ನೀರಿನಡಿ ಇಳಿದು ಹಡಗಿನ ತಳ ರಿಪೇರಿ ಮಾಡುವವನು. ನೆಗಡಿ ಇದ್ದ ದಿನವೇ ಇಳಿದು ಎಡಗಿವಿಯ ತಮಟೆ ಹರಿದುಕೊಂಡಿದ್ದ. ಈಗ ಗಾಯ ಮಾದಿತ್ತು. ಸೋಮವಾರದಿಂದ ಮತ್ತೆ ಇಳಿಯುತ್ತೇನೆಂದು ಪಟ್ಟು ಹಿಡಿದಿದ್ದ.

ಅಕ್ಕ ಅವನನ್ನು ಪ್ರಯೋಗಾಲಯಕ್ಕೆ ಎಳೆತಂದು, ಮೊದಲು ಬಲಗಿವಿಗೆ, ಆಮೇಲೆ ಎಡಗಿವಿಗೆ ಮೆತ್ತನೆಯ ಬಿರಡೆ ಇಟ್ಟು, ಹಗುರವಾಗಿ ಒತ್ತಡ ಏರಿಳಿಸಿದಳು. ಪರದೆಯ ಮೇಲೆ ಎಡಗಿವಿಯ ಗೆರೆಯೇ ಹೆಚ್ಚು ಎತ್ತರಕ್ಕೆ ಎದ್ದಿತು.

"ನೋಡಕ್ಕಾ, ಬಲಗಿವಿಗಿಂತ ಚೆನ್ನಾಗಿ ಅಲ್ಲಾಡ್ತಿದೆ! ಇನ್ನೇನು ಬೇಕು ನಿಂಗೆ?"

"ಅದೇ ತೊಂದರೆ ಕಣೋ. ಮಾದ ಜಾಗದಲ್ಲಿ ಬರೀ ತೆಳು ಚರ್ಮ, ಒಳಗೆ ನಾರೇ ಬೆಳೆದಿಲ್ಲ. ಅದಕ್ಕೇ ಅಷ್ಟು ಕುಣೀತಿದೆ."

"ಮೂಗು ಹಿಡಿದು ಊದಿದ್ರೆ ಒಳಗೂ ಹೊರಗೂ ಒತ್ತಡ ಸಮ ಆಗುತ್ತಪ್ಪ."

"ನೆಗಡಿ ಕಟ್ಕೊಂಡು ಊದೋಕಾಗದ ದಿನ ತಾನೇ ಹರಿದಿದ್ದು?"

ತಮ್ಮ ಮುಖ ತಿರುಗಿಸಿದ. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಹೇಳಿದರೆ ಕೇಳುವ ಜಾತಿಯಲ್ಲ ಇವನು, ಕಣ್ಣಾರೆ ಕಾಣಬೇಕು.

ಫ್ರಿಜ್ಜಿನಲ್ಲಿ, ಒದ್ದೆ ಬಟ್ಟೆಯಡಿ, ಹಿಂದೊಮ್ಮೆ ಹರಿದು ಮಾದ ತಮಟೆ ಒಂದೇ ಒಂದಿತ್ತು. ಅಂಥದ್ದಕ್ಕಾಗಿ ಅವಳು ವರ್ಷವಿಡೀ ಕಾದಿದ್ದಳು, ಹತ್ತಾರು ಅಳತೆ ಯೋಚಿಸಿಟ್ಟಿದ್ದಳು. ಹರಿದರೆ ಎಲ್ಲವೂ ನೀರುಪಾಲು. ಹಿಂದೆಮುಂದೆ ನೋಡದೆ ಅದನ್ನೇ ತಂದು ಯಂತ್ರಕ್ಕೆ ಬಿಗಿದು, ಉಪ್ಪುನೀರು ಹನಿಸಿ, ಹಗುರವಾಗಿ ಒತ್ತಿ ಒತ್ತಿ ಬಿಟ್ಟಳು.

"ಏನೂ ಆಗ್ಲಿಲ್ವಲ್ಲ!" ತಮ್ಮ ನಕ್ಕ.

"ಮೊದಮೊದಲ ಒತ್ತು ಲೆಕ್ಕಕ್ಕಿಲ್ಲ, ತಮಟೆ ಹೊಂದಿಕೊಳ್ಬೇಕು. ಈಗ ಒತ್ತಡ ಏರಿಸೋ ತಿರುಗಣೆ ನೀನೇ ತಿರುಗಿಸು. ಊದೋಕಾಗದ ದಿನ ಅಂದ್ಕೋ. ನೀನು ಕೆಲಸ ಮಾಡೋ ಆಳದ ಒತ್ತಡ ಬಂದಾಗ ನಿಲ್ಲಿಸು."

ಅವನು ಜಂಬದಿಂದಲೇ ತಿರುಗಿಸಿದ. ಪರದೆಯಲ್ಲಿ ತಮಟೆಯ ಗಟ್ಟಿ ಭಾಗ ಬಿಗಿದು ನಿಂತಿತು. ಮಾದ ಜಾಗ ಮಾತ್ರ ಕಾಯುವ ಹಾಲಿನ ಕೆನೆಯಂತೆ ಉಬ್ಬುತ್ತ ಹೋಯಿತು. ಎರಡಾಳು ಆಳದ ಒತ್ತಡವೂ ಆಗಿರಲಿಲ್ಲ, ಸದ್ದಿಲ್ಲದೆ ಹರಿಯಿತು. ತಮ್ಮನ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಇನ್ನೊಂದು ಇಡು, ನೋಡೋಣ," ಎಂದ. ದನಿ ಕುಗ್ಗಿತ್ತು.

"ಇಂಥದ್ದು ಇನ್ನೊಂದಿಲ್ಲ. ವರ್ಷ ಕಾದ ಮೇಲೆ ಸಿಕ್ಕಿದ್ದು."

ಅವನು ಗಾಬರಿಯಿಂದ ಅವಳ ಮುಖ ನೋಡಿದ. "ಮತ್ಯಾಕಕ್ಕಾ ಹರಿಯೋಕೆ ಬಿಟ್ಟೆ?"

"ನಿನ್ನ ಎಡಗಿವಿಗೂ ಇನ್ನೊಂದಿಲ್ಲ ಕಣೋ."

ತಮ್ಮ ಫೋನ್ ತೆಗೆದು ತನ್ನ ಮೇಸ್ತ್ರಿಗೆ ಕರೆ ಮಾಡಿದ.

"ಅಣ್ಣಾ, ಸೋಮವಾರ ಬೇರೆಯವರನ್ನ ಇಳಿಸಿ. ನಾನು ಮೇಲೆ ನಿಂತು ಇಳಿದವರ ಹಗ್ಗ ಹಿಡೀತೀನಿ."